ಎಸ್15ರ ಜೊತೆಗಿನ ಮಳೆಗಾಲ

ಜುಲೈ 3, ರಾತ್ರಿ
ಪರದೆಯ ಮೇಲೆ ರೈಬೋಸೋಮಿನ ಸಣ್ಣ ಭಾಗ 30ಎಸ್ ತಿರುಗಿಸುತ್ತ ಕೂತಿದ್ದೆ. ಬ್ಯಾಕ್ಟೀರಿಯಾ ಥರ್ಮಸ್ ಥರ್ಮೋಫಿಲಸ್‌ನದು, ವೆಂಕಿ ರಾಮಕೃಷ್ಣನ್ ಗುಂಪಿನವರು 2000ನೇ ಇಸವಿಯಲ್ಲಿ ಬಿಡಿಸಿಟ್ಟ ರಚನೆ. ಆರ್‌ಎನ್‌ಎಗೆ ಬೂದು ಕೊಟ್ಟೆ, ಪ್ರೋಟೀನುಗಳಿಗೆ ಬಣ್ಣ. ಬಣ್ಣವೆಲ್ಲ ಬೆನ್ನ ಕಡೆ, ಪಕ್ಕಕ್ಕೆ. ದೊಡ್ಡ ಭಾಗ 50ಎಸ್ ಬಂದು ಕೂಡುವ ಮುಖದಲ್ಲಿ ಎಸ್12 ಎಂಬ ಪ್ರೋಟೀನ್ ಬಿಟ್ಟರೆ ಹೆಚ್ಚುಕಡಿಮೆ ಬೂದುವೇ. ಕೆಲಸವೆಲ್ಲ ಆರ್‌ಎನ್‌ಎದು. ನಾನು ಪಿಎಚ್‌ಡಿ ಮಾಡುತ್ತಿರುವುದು ಪ್ರೋಟೀನಿನ ಮೇಲೆ, ಎಸ್15 ಅನ್ನುವ ಒಂದರ ಮೇಲೆ.

ಜುಲೈ 4
ಪ್ರೋಟೀನುಗಳಿಗೆ ಬಾಲಗಳು! ದುಂಡು ಮೈ ಹೊರಗೆ, ಉದ್ದ ಬಾಲ ಆರ್‌ಎನ್‌ಎ ಸಂದಿಯೊಳಗೆ. ಲೈಸೀನ್, ಆರ್ಜಿನೀನ್ ತುಂಬಿದ್ದು. ಆರ್‌ಎನ್‌ಎಯ ಫಾಸ್ಫೇಟುಗಳೆಲ್ಲ ನೆಗೆಟಿವ್, ಹತ್ತಿರ ಬಂದರೆ ದೂಡಿಕೊಳ್ಳುತ್ತವೆ. ಬಾಲದ ಪಾಸಿಟಿವ್ ನಡುವೆ ಹೊಕ್ಕು ಸಮಾಧಾನ ಮಾಡುತ್ತದೆ. ಅಷ್ಟೇ ಆಗಿದ್ದರೆ ಯಾವ ಬಾಲ ಯಾವ ಸಂದಿಗೆ ಬೇಕಾದರೂ ನುಗ್ಗಬಹುದಿತ್ತು. ನುಗ್ಗುವುದಿಲ್ಲ.

ಜುಲೈ 7, ಮಧ್ಯಾಹ್ನ 3
ಜೆಲ್ ಬಂತು. ಎಸ್15 ಸೇರಿಸಿದ ಲೇನಿನಲ್ಲಿ ಆರ್‌ಎನ್‌ಎ ಬ್ಯಾಂಡ್ ಮೇಲೆಯೇ ನಿಂತಿದೆ, ಚೊಕ್ಕವಾಗಿ. ಹಿಡಿದಿದೆ! ಕ್ಯಾಂಟೀನಿಗೆ ಹೋಗಿ ಮಸಾಲೆ ದೋಸೆ ತಿಂದೆ.

ಜುಲೈ 9
ಗೈಡ್ ಜೆಲ್ ನೋಡಿ, "ಸರಿ ಕಣಮ್ಮ, ಇದು ಓದೋದು ಅಕ್ಷರಾನೋ, ಆಕಾರಾನೋ?" ಅಂದರು.
"ಎರಡೂ ಸರ್."
ಅವರು ಏನೂ ಹೇಳದೆ ಹೋದರು. ಅದೇ ಹಿಂಸೆ.
ಆರ್‌ಎನ್‌ಎ ಜೋಡಿ ಸುರುಳಿಯ ದೊಡ್ಡ ತೋಡು ಆಳ, ಇಕ್ಕಟ್ಟು. ಪ್ರೋಟೀನಿಗೆ ಕೈ ಹಾಕಲು ಜಾಗವಿಲ್ಲ. ಸಣ್ಣ ತೋಡು ಅಗಲವಾಗಿದೆ, ಆದರೆ ಅಲ್ಲಿಂದ ನೋಡಿದರೆ ಜಿ-ಸಿ, ಎ-ಯು ಅಕ್ಷರಜೋಡಿಗಳೆಲ್ಲ ಹೆಚ್ಚುಕಡಿಮೆ ಒಂದೇ ಥರ. ಹಾಗಾಗಿ ಬಹಳಷ್ಟು ಪ್ರೋಟೀನುಗಳು ಹಿಡಿಯುವುದು ಸಕ್ಕರೆ-ಫಾಸ್ಫೇಟಿನ ಬೆನ್ನನ್ನು, ತಿರುವನ್ನು, ಉಬ್ಬನ್ನು. ಎಸ್15 ಕೂಡ ಮೂರು ಸುರುಳಿ (20, 21, 22) ಕೂಡುವ ಕವಲನ್ನು ಹಿಡಿಯುತ್ತದೆ. ಆದರೆ 22ರ ಮೇಲೆ ಇನ್ನಷ್ಟು ಮುಂದೆ ಒಂದು ಜಿ-ಯು, ಅದರ ಪಕ್ಕ ಜಿ-ಸಿ, ಅದನ್ನೂ ಬಿಡುವುದಿಲ್ಲ. ಎರಡೂ ಅಂದದ್ದು ಸರಿಯೇ.

ಜುಲೈ 12, ರಾತ್ರಿ 11
ಮೆಗ್ನೀಷಿಯಂ ಸಾಕಷ್ಟಿದ್ದರೆ ಎಸ್15 ಇಲ್ಲದೆಯೂ ಆ ಕವಲು ಅದೇ ಆಕಾರಕ್ಕೆ ಮಡಚಿಕೊಳ್ಳುತ್ತದೆ. ಹಳೆಯ ಸಂಗತಿ. ಇವತ್ತು ಮಾತ್ರ ಚುಚ್ಚಿತು. ಒಂದು ಚಿಟಿಕೆ ಉಪ್ಪು ಮಾಡುವ ಕೆಲಸಕ್ಕೆ ಇಷ್ಟು ದೊಡ್ಡ ಅಣು ಯಾಕೆ?
ಮೇಲಾಗಿ 2006ರ ಪೇಪರು: ಎಸ್15ರ ಜೀನ್ ಕಿತ್ತು ಹಾಕಿದರೂ ಇ. ಕೋಲೈ ಬದುಕುತ್ತದೆ. ಪ್ರನಾಳದಲ್ಲಿ ಎಸ್15 ಮೊದಲು ಕೂರದೆ ಎಸ್6, ಎಸ್18 ಬರುವುದಿಲ್ಲ ಅಂತ ಓದಿದ್ದೇವೆ. ಜೀವಕೋಶಕ್ಕೆ ನಮ್ಮ ಪಠ್ಯದ ಹಂಗಿಲ್ಲ.

ಜುಲೈ 15
ಕರೆಂಟಿಲ್ಲ. ಜೆಲ್ ಅರ್ಧಕ್ಕೇ ನಿಂತಿತು. ಅಪ್ಪ ಫೋನ್ ಮಾಡಿ, "ಇನ್ನೂ ಅದೇ ಪ್ರೋಟೀನೇನಮ್ಮ?" ಅಂದರು. ಹೂಂ ಅಂದೆ.

ಜುಲೈ 18
1968ರಲ್ಲಿ ಟ್ರಾಬ್, ನೊಮುರಾ 30ಎಸ್ ಅನ್ನು ಬಿಡಿಬಿಡಿ ಮಾಡಿ ಮತ್ತೆ ಬೆರೆಸಿದಾಗ ಅದು ತಾನಾಗಿ ಕೂಡಿಕೊಂಡಿತ್ತು. ಆದರೆ 40 ಡಿಗ್ರಿಯಷ್ಟು ಕಾಯಿಸಬೇಕಿತ್ತು. ತಣ್ಣಗಿದ್ದರೆ ಅರ್ಧಕ್ಕೇ ನಿಲ್ಲುತ್ತಿತ್ತು.
ಎಸ್15 ಇಲ್ಲದ ಆ ಇ. ಕೋಲೈಗೂ ಚಳಿಯೇ ಆಗದು!
ಅಂದರೆ ಎಸ್15ರ ಕೆಲಸ ಸರಿಯಾಗಿ ಮಡಚುವುದಲ್ಲ, ತಪ್ಪಾಗಿ ಮಡಚಿ ಸಿಕ್ಕಿಕೊಳ್ಳದಂತೆ ನೋಡುವುದು? ಇರಬಹುದು. ಅಥವಾ ಎರಡು ಸಂಗತಿಗೆ ನಾನೇ ಗಂಟು ಹಾಕುತ್ತಿದ್ದೇನೆ. ಗೈಡ್‌ಗೆ ಈಗಲೇ ಹೇಳುವುದು ಬೇಡ.

ಜುಲೈ 19, ಬೆಳಿಗ್ಗೆ
ಹೇಳಿಬಿಟ್ಟೆ. "15 ಡಿಗ್ರಿಯಲ್ಲಿ ಮಾಡಿ ತೋರ್ಸು" ಅಂದರು. ಸೋಮವಾರಕ್ಕೆ ವಾಟರ್‌ಬಾತ್ ಬುಕ್ ಮಾಡಿದ್ದೇನೆ. ಆರ್‌ಎನ್‌ಎ ಸಾಲದು, ಇವತ್ತೇ ಮಾಡಿಕೊಳ್ಳಬೇಕು.