ಹೊಳೆಯ ಅಪ್ಪಣೆ

ರೈಲು ತಡವಾದರೆ ನಿಲ್ದಾಣದ ಮಾಸ್ತರರ ಮೇಲೆ ಸಿಟ್ಟಾಗಬಹುದು. ಬಸ್ಸು ಬಾರದಿದ್ದರೆ ಅದರ ಚಾಲಕನಿಂದ ಹಿಡಿದು ಸರಕಾರದವರೆಗೆ ಯಾರನ್ನಾದರೂ ಬೈದು ಹೊತ್ತು ಕಳೆಯಬಹುದು. ಆದರೆ ಹರಿಗೋಲು ನಿಂತರೆ ಯಾರನ್ನು ಬೈಯಬೇಕು? ಈ ಪ್ರಶ್ನೆಗೆ ಉತ್ತರ ಹುಡುಕುತ್ತ ನಾನು ತುಂಗಭದ್ರೆಯ ದಂಡೆಯ ಮೇಲೆ ಎರಡು ತಾಸು ಕಳೆದ ಕಥೆಯೇ ಈ ಪ್ರಬಂಧ. ಓದುಗ ಮಿತ್ರರು ನನ್ನ ಅವಿವೇಕಕ್ಕೆ ನಗಬಹುದು; ನಾನು ಮಾತ್ರ ಅಂದು ನಗುವ ಸ್ಥಿತಿಯಲ್ಲಿರಲಿಲ್ಲ.

ನಮ್ಮ ಜಿಲ್ಲೆಯನ್ನು ಹಿಂದಿನವರು ಎಡೆದೊರೆ ನಾಡು ಎಂದು ಕರೆದರು. ಎರಡು ತೊರೆಗಳ ನಡುವಿನ ನಾಡು ಎಂದರ್ಥ. ದೇವದುರ್ಗದವರಿಗೆ ಕೃಷ್ಣೆ, ಮಾನ್ವಿಯವರಿಗೆ ತುಂಗಭದ್ರೆ. ಮಧ್ಯದಲ್ಲಿರುವ ರಾಯಚೂರಿನವರು ಉತ್ತರಕ್ಕೆ ಹೊರಟರೂ ಹೊಳೆ, ದಕ್ಷಿಣಕ್ಕೆ ಹೊರಟರೂ ಹೊಳೆ. ಈಗ ಸೇತುವೆಗಳಾಗಿವೆ, ನಿಜ. ಆದರೆ ಸೇತುವೆಗಳಿರುವುದು ಕೆಲವು ಕಡೆ, ನೆಂಟಸ್ತನಗಳಿರುವುದು ಎಲ್ಲ ಕಡೆ. ಆದ್ದರಿಂದ ನಮ್ಮಲ್ಲಿ ಹರಿಗೋಲು ಇನ್ನೂ ಉಳಿದಿದೆ.

ಈ ಹರಿಗೋಲು ಸಾಮಾನ್ಯ ವಸ್ತುವಲ್ಲ. ೧೫೨೦ರ ಸುಮಾರಿಗೆ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದೇ ತುಂಗಭದ್ರೆಯ ಮೇಲೆ ಇದನ್ನು ಕಂಡು ಬೆರಗಾಗಿ ಬರೆದಿಟ್ಟಿದ್ದಾನೆ: ಬುಟ್ಟಿಯಂತೆ ದುಂಡಗಿನ ದೋಣಿ, ಒಳಗೆ ಬೆತ್ತ, ಹೊರಗೆ ತೊಗಲು, ಹದಿನೈದು ಇಪ್ಪತ್ತು ಜನ ಕೂಡಬಹುದು, ಕುದುರೆ ಎತ್ತುಗಳೂ ದಾಟಬಹುದು, ಹುಟ್ಟು ಹಾಕಿದಂತೆಲ್ಲ ಅದು ತಿರುಗುತ್ತಲೇ ಹೋಗುತ್ತದೆ. ಅದಕ್ಕೂ ಎಷ್ಟೋ ಶತಮಾನಗಳ ಹಿಂದೆ ಗ್ರೀಕರ ಹೆರೊಡೋಟಸನು ಬ್ಯಾಬಿಲೋನಿನ ಹೊಳೆಯಲ್ಲಿ ತೊಗಲಿನ ದುಂಡು ದೋಣಿಗಳನ್ನು ಕಂಡು ಬರೆದಿದ್ದನು. ಈಗ ತೊಗಲು ಹೋಗಿ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ತಿರುಗುವುದು ಮಾತ್ರ ಹಾಗೆಯೇ ಇದೆ.

ನನ್ನ ತಾಯಿಯ ತವರು ಮಾನ್ವಿ ತಾಲೂಕಿನ ಎದುರು ದಂಡೆಯಲ್ಲಿ, ಅಂದರೆ ಆಂಧ್ರ ಪ್ರದೇಶದಲ್ಲಿ. ಅಲ್ಲಿ ತಾಯಿಯ ಅಜ್ಜಿ, ನಮ್ಮೆಲ್ಲರ ದೊಡ್ಡವ್ವ, ತೊಂಬತ್ತರ ಆಸುಪಾಸಿನ ಮುದುಕಿ. ಆಕೆಗೆ ದಮ್ಮಿನ ಕಾಯಿಲೆ. ಬಾಯಿಯಿಂದ ಎಳೆದುಕೊಳ್ಳುವ ಅವಳ ಔಷಧಿಯನ್ನು ತಿಂಗಳಿಗೊಮ್ಮೆ ರಾಯಚೂರಿನಿಂದ ಕೊಂಡು ತರುವುದು ನನಗೆ ಒಪ್ಪಿಸಿದ್ದ ಕೆಲಸ. ೨೦೨೪ರ ಆಗಸ್ಟ್ ೯ರಂದು ನಾಗರ ಪಂಚಮಿ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಹೋಗದಿದ್ದರೆ ನಮ್ಮ ಕಡೆ ಅದು ಹಬ್ಬವೇ ಅಲ್ಲ. ಹಿಂದಿನ ದಿನವೇ ತಾಯಿ ಎಳ್ಳುಂಡೆ, ಶೇಂಗಾದುಂಡೆಗಳ ಗಂಟಿನೊಡನೆ ಹರಿಗೋಲು ಹತ್ತಿದಳು. ಉಂಡೆಗಳನ್ನು ಎಣಿಸಿ ಕಟ್ಟಿಕೊಟ್ಟವನು ನಾನು; ಔಷಧಿಯನ್ನು ಕಪಾಟಿನಲ್ಲಿಯೇ ಮರೆತವನೂ ನಾನು.

ಭಾನುವಾರ, ೧೧ನೆಯ ತಾರೀಖು ಬೆಳಿಗ್ಗೆ ತಾಯಿಯ ಫೋನು ಬಂದಿತು. ದೊಡ್ಡವ್ವನಿಗೆ ರಾತ್ರಿಯಿಡೀ ಉಬ್ಬಸ, ಹಳೆಯ ಔಷಧಿ ತೀರಿದೆ, ಊರಿನ ಅಂಗಡಿಯಲ್ಲಿ ಸಿಕ್ಕುವುದಿಲ್ಲ. “ನೀ ಮರ್ತಿ” ಎಂದು ಆಕೆ ಅನ್ನಲಿಲ್ಲ. ಅಂದಿದ್ದರೆ ನನಗೆ ಹಗುರವಾಗುತ್ತಿತ್ತು.

ಔಷಧಿಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಹೊಳೆಗೆ ಬಂದೆನು. ನೀರು ದಂಡೆಯೊಳಗೇ ಇದ್ದಿತು. ಗಾಳಿಯಿಲ್ಲ, ಮಳೆಯಿಲ್ಲ. ಎದುರಿಗೆ ತವರೂರಿನ ಬೇವಿನ ಮರಗಳು ಕಾಣುತ್ತಿದ್ದವು. ಆದರೆ ಹರಿಗೋಲು ದಂಡೆಯ ಮೇಲೆ ಬೋರಲು ಬಿದ್ದಿತ್ತು. ಅದರ ನೆರಳಿನಲ್ಲಿ ಮುದಿ ಅಂಬಿಗನು ಬೀಡಿ ಸೇದುತ್ತ ಕುಳಿತಿದ್ದನು. ಬಾಣಂತಿಯನ್ನು ನೋಡಲು ಹೊರಟ ಹೆಂಗಸರಿಬ್ಬರು ಗಂಟುಗಳ ಮೇಲೆ ಕುಳಿತಿದ್ದರು.

“ಇವತ್ತು ಹರಗೋಲ ಇಲ್ಲ” ಎಂದನು.

“ಯಾಕ? ಹೊಳಿ ಚಲೋನ ಅದಲ್ಲ?”

“ಕಾಣೋ ಹೊಳಿ ಚಲೋ ಅದ. ಬರೋ ಹೊಳಿ ಇನ್ನ ದಾರ್ಯಾಗ ಅದ.”

ವಿಷಯ ನಮಗೆಲ್ಲ ತಿಳಿದದ್ದೇ. ಹಿಂದಿನ ರಾತ್ರಿ ಹೊಸಪೇಟೆಯ ತುಂಗಭದ್ರಾ ಅಣೆಕಟ್ಟಿನಲ್ಲಿ, ೩೩ ಬಾಗಿಲುಗಳ ಪೈಕಿ ೧೯ನೆಯದು ಸರಪಳಿ ಹರಿದು ಕೊಚ್ಚಿಕೊಂಡು ಹೋಗಿತ್ತು. ಜಲಾಶಯ ತುಂಬಿತ್ತು. ಒತ್ತಡ ಇಳಿಸಲು ಉಳಿದ ಬಾಗಿಲುಗಳನ್ನೂ ತೆರೆದರು. ೧೯೫೩ರಿಂದ ನಿಂತ ಅಣೆಕಟ್ಟು ಅದು. ಸುದ್ದಿಯನ್ನು ನಾನೂ ಬೆಳಿಗ್ಗೆ ಕೇಳಿದ್ದೆನು. ಆದರೆ ಕೇಳಿದ ಸುದ್ದಿಯನ್ನೂ ಕಣ್ಣೆದುರಿನ ಹೊಳೆಯನ್ನೂ ಕೂಡಿಸಿ ನೋಡುವ ಬುದ್ಧಿ ನನ್ನಲ್ಲಿರಲಿಲ್ಲ.

ನಾನು ವಾದಕ್ಕೆ ನಿಂತೆನು. ಮೊದಲು ದೊಡ್ಡವ್ವನ ಉಬ್ಬಸದ ಕಥೆ ಹೇಳಿದೆನು. ಅವನು ಲೊಚಗುಟ್ಟಿದನು, ಏಳಲಿಲ್ಲ. ಎರಡು ಪಟ್ಟು ದುಡ್ಡು ಕೊಡುತ್ತೇನೆ ಎಂದೆನು. ಐದು ಪಟ್ಟು ಎಂದೆನು. ಅವನು ಬೀಡಿಯನ್ನು ನೆಲಕ್ಕೊರಸಿ, “ರೊಕ್ಕ ನಿಂದು, ಖರೆ. ಮುಳುಗೋ ಮುಂದ ಅದನ್ನ ಯಾರಿಗಿ ಕೊಡ್ತಿ?” ಎಂದನು. ಆಮೇಲೆ ನಾಲ್ಕು ಮಾತು ಆಡಬಾರದ್ದನ್ನೂ ಆಡಿದೆನು. ಅಷ್ಟರಲ್ಲಿ ಅಲ್ಲಿಗೆ ಬಂದ ಅವನ ಹುಡುಗನು ದುಡ್ಡಿನ ಮಾತಿಗೆ ಕಿವಿಗೊಟ್ಟು, “ಲಗು ಹೋಗಿ ಬರ್ತೀನಿ, ತಾತಾ” ಎಂದು ಹುಟ್ಟಿಗೆ ಕೈ ಹಾಕಿದನು. ಮುದುಕನು ಬೈಯಲಿಲ್ಲ. ಹುಟ್ಟನ್ನು ಎಳೆದುಕೊಂಡು ತನ್ನ ತೊಡೆಯ ಕೆಳಗಿಟ್ಟು ಅದರ ಮೇಲೆ ಕುಳಿತುಬಿಟ್ಟನು. ಹೆಂಗಸರು ನಕ್ಕರು. ನನಗೆ ಅಳು ಬಂದಿತು.

ನನ್ನ ಮುಖ ನೋಡಿ ಅವನಿಗೆ ಮರುಕ ಬಂದಿರಬೇಕು. ಜಾಲಿಯ ಕಡ್ಡಿಯೊಂದನ್ನು ನೀರಿನ ಅಂಚಿನಲ್ಲಿ ಊರಿದನು. “ಇದು ಬಯಲಾಗ ನಿಂತಿದ್ರ ನಾನs ದಾಟಸ್ತೀನಿ. ಅಲ್ಲೀತನ ಸುಮ್ಮನಿರು. ನನ್ನ ಕೇಳಿದ್ರ, ಕುಂಡ್ರಬ್ಯಾಡ. ರಾಯಚೂರಿಗಿ ಹೋಗು, ಮಂತ್ರಾಲಯದ ಸೇತುವಿ ಹಿಡಿ.” ನಾನು ಹೋಗಲಿಲ್ಲ. ಕಡ್ಡಿ ನೋಡುತ್ತ ಕುಳಿತೆನು. ನೀರು ಸದ್ದು ಮಾಡಲಿಲ್ಲ. ಆದರೆ ಒಂದು ಗೇಣಿನಷ್ಟಿದ್ದ ಕಡ್ಡಿ ನಾಲ್ಕು ಬೆರಳಾಯಿತು, ಎರಡು ಬೆರಳಾಯಿತು, ಆಮೇಲೆ ಇಲ್ಲವಾಯಿತು. ಕಸಕಡ್ಡಿ, ನೊರೆ, ಬೇರು ಸಹಿತ ಕಿತ್ತ ಗಿಡವೊಂದು ತೇಲಿ ಬಂದವು. ಹೊಳೆಯ ಬಣ್ಣವೇ ಬೇರೆಯಾಯಿತು. ಅವನು ನನ್ನ ಕಡೆ ನೋಡಲಿಲ್ಲ. ಹರಿಗೋಲನ್ನು ಇನ್ನಷ್ಟು ಮೇಲಕ್ಕೆ ಎಳೆಯತೊಡಗಿದನು. ನಾನೂ ಕೈ ಹಚ್ಚಿದೆನು. ಅದೇ ನಾನು ಕೇಳಿದ ಕ್ಷಮೆ.

ಮಾನ್ವಿಗೆ ಮರಳಿ, ಅಲ್ಲಿಂದ ರಾಯಚೂರು, ಅಲ್ಲಿಂದ ಮಂತ್ರಾಲಯದ ಬಸ್ಸು. ಮಾಧವರದ ಸೇತುವೆಯ ಮೇಲೆ ಹೊಳೆ ದಾಟಿದಾಗ ಸಂಜೆಯಾಗಿತ್ತು. ಮತ್ತೆ ದಂಡೆಗುಂಟ ಹಿಂದಕ್ಕೆ, ಸಿಕ್ಕ ಆಟೋದಲ್ಲಿ, ಸಿಗದಲ್ಲಿ ನಡೆದು. ದಾರಿಯುದ್ದಕ್ಕೂ ಒಂದೇ ಲೆಕ್ಕ: ಹೊಳೆ ನನ್ನನ್ನು ತಡೆದದ್ದು ಒಂದು ಮಾತಿನಷ್ಟು ಹೊತ್ತು; ನನ್ನ ಹಟ ತಡೆದದ್ದು ಎರಡು ತಾಸು. ಆ ಎರಡು ತಾಸಿನಲ್ಲಿ ದೊಡ್ಡವ್ವನಿಗೆ ಏನಾದರೂ ಆಗಿದ್ದರೆ ಹೊಳೆಯ ಹೆಸರು ಹೇಳಿ ತಪ್ಪಿಸಿಕೊಳ್ಳಲು ನನಗೆ ದಾರಿಯಿರಲಿಲ್ಲ.

ಮನೆ ಮುಟ್ಟಿದಾಗ ದೊಡ್ಡವ್ವ ತಾಯಿಯ ಎದೆಗೆ ಒರಗಿ ಕುಳಿತು ಉಸಿರಿಗಾಗಿ ಹೋರಾಡುತ್ತಿದ್ದಳು. ಔಷಧಿ ಕೊಟ್ಟ ಮೇಲೂ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಎದೆಯ ಸದ್ದು ತಗ್ಗಿದಾಗ ಆಕೆ ಕೇಳಿದ ಮೊದಲ ಪ್ರಶ್ನೆ: “ಹೊಳಿ ದಾಟಿ ಬಂದ್ಯಾ?”

“ಇಲ್ಲವ್ವ, ಸುತ್ತ ಹಾಕಿ ಬಂದೆ.”

“ಚಲೋ ಮಾಡಿದಿ” ಎಂದಳು. ಮರುದಿನ, ಮಾತಿಗೆ ತ್ರಾಣ ಬಂದ ಮೇಲೆ, ತನ್ನ ಮದುವೆಯ ಕಥೆ ಹೇಳಿದಳು. ೧೯೪೮ಕ್ಕೆ ಮುಂಚಿನ ಮಾತು. ಈ ದಂಡೆ ನಿಜಾಮರದು, ಆ ದಂಡೆ ಇಂಗ್ಲಿಷರ ಮದ್ರಾಸು ಪ್ರಾಂತದ್ದು. ಇಲ್ಲಿ ಹಾಲಿ ಸಿಕ್ಕ, ಅಲ್ಲಿ ಕಲ್ದಾರ; ಆರು ಕಲ್ದಾರಕ್ಕೆ ಸುಮಾರು ಏಳು ಹಾಲಿ ರೂಪಾಯಿ. ಗಂಟು ಬಿಚ್ಚಿ ನೋಡಲು ಕರೋಡಗಿರಿಯವರು ಬೇರೆ. ಹೊಳೆ ದಾಟುವುದೆಂದರೆ ಪರದೇಶಕ್ಕೆ ಹೋದಂತೆಯೇ. ದಿಬ್ಬಣ ದಂಡೆಗೆ ಬಂದಾಗ ಹೊಳೆ ತುಂಬಿತ್ತಂತೆ. ಮೂರು ದಿನ ಗುಡಿಯ ಕಟ್ಟೆಯ ಮೇಲೆಯೇ ಇದ್ದರಂತೆ. ಮುಹೂರ್ತ ತಪ್ಪಿತು, ಮಾಡಿದ ಅಡಿಗೆ ಹಳಸಿತು, ಬೀಗರು ಸಿಟ್ಟಾದರು. “ಮೂರ್ತ ಮತ್ತ ಸಿಕ್ತು” ಎಂದಳು ದೊಡ್ಡವ್ವ. ಅಷ್ಟೇ ಅವಳ ವ್ಯಾಖ್ಯಾನ.

ಕಾಲೇಜಿಗೆ ಮರಳಿ ಇದನ್ನು ಹೇಳಿದಾಗ ದೇವದುರ್ಗದ ಗೆಳೆಯನು, “ನಿನಗೆ ಸುತ್ತುವುದಕ್ಕಾದರೂ ಸೇತುವೆ ಇತ್ತು” ಎಂದನು. ೨೦೧೯ರ ಆಗಸ್ಟಿನಲ್ಲಿ ಕೃಷ್ಣೆಗೆ ನಾರಾಯಣಪುರದಿಂದ ನೀರು ಬಿಟ್ಟಾಗ ಅವರ ಹೂವಿನಹೆಡಗಿಯ ಸೇತುವೆಯೇ ಮುಳುಗಿತ್ತು. ೨೦೨೦ರ ಆಗಸ್ಟಿನಲ್ಲಿ ರಾಯಚೂರು ತಾಲೂಕಿನ ಕುರ್ವಕಲಾ ನಡುಗಡ್ಡೆಯ ಕಡೆಯ ಹರಿಗೋಲು ಮಗುಚಿ ನಾಲ್ವರು ಕೃಷ್ಣೆಯ ಪಾಲಾದುದನ್ನೂ ಅವನೇ ನೆನಪಿಸಿದನು. ಅಂದು ಆ ಹರಿಗೋಲು ಹೊರಡದೆ ನಿಂತಿದ್ದರೆ ದಂಡೆಯಲ್ಲಿ ಯಾರೋ ನನ್ನಂತೆಯೇ ಕೂಗಾಡುತ್ತಿದ್ದರು, ಕೂಗಾಡಲು ಬದುಕಿರುತ್ತಿದ್ದರು.

ನಮ್ಮ ಅಧ್ಯಾಪಕರೊಬ್ಬರು ಯುರೋಪಿನ ಮಾತು ಹೇಳಿದರು. ಅಲ್ಲಿಯ ಒಕ್ಕೂಟವು ೨೦೧೦ರಲ್ಲಿ ಮಾಡಿದ ನಿಯಮದಂತೆ ಹಡಗು ರದ್ದಾದರೆ, ಇಲ್ಲವೆ ಹೊರಡುವುದು ತೊಂಬತ್ತು ನಿಮಿಷ ಮೀರಿ ತಡವಾಗುವುದಾದರೆ, ಪ್ರಯಾಣಿಕನು ಬೇರೆ ದಾರಿಯನ್ನಾಗಲಿ ಟಿಕೇಟಿನ ಹಣವನ್ನಾಗಲಿ ಕೇಳಬಹುದು. ಆದರೆ ತಡವಾದುದಕ್ಕೆ ಕಾರಣ ಕೆಟ್ಟ ಹವೆಯಾಗಿದ್ದರೆ ಪರಿಹಾರಧನವಿಲ್ಲ. ಅಂದರೆ ಅಷ್ಟು ದೊಡ್ಡ ಹಡಗುಗಳ ನಾಡಿನಲ್ಲಿಯೂ ಕೊನೆಯ ಮಾತು ಗಾಳಿಯದೇ, ನೀರಿನದೇ. ನಮ್ಮ ಮುದಿ ಅಂಬಿಗನು ಆ ನಿಯಮವನ್ನು ಓದಿದವನಲ್ಲ. ಆದರೂ ಬೇರೆ ದಾರಿಯನ್ನು ತಾನಾಗಿಯೇ ಹೇಳಿದ್ದನು.

ಅಣೆಕಟ್ಟಿನ ಬಾಗಿಲಿಗೆ ಒಂದು ವಾರದೊಳಗೆ, ಹರಿಯುವ ನೀರಿನಲ್ಲಿಯೇ ತಾತ್ಕಾಲಿಕ ಹಲಗೆಗಳನ್ನು ಇಳಿಸಿ ಮುಚ್ಚಿದರು. ಹೊಳೆ ಇಳಿಯಿತು. ದೀಪಾವಳಿಗೆ ನಾನು ಮತ್ತೆ ಅದೇ ದಂಡೆಗೆ ಹೋದೆನು. ಮುದುಕನು ಗುರುತು ಹಿಡಿದನು. ನಾನು ಇಳಿಯುವಾಗ ತುಸು ಹೆಚ್ಚು ಹಣ ಕೊಡಹೋದರೆ ಎಣಿಸಿ ಹೆಚ್ಚಿನದನ್ನು ಮರಳಿ ಕೊಟ್ಟನು. “ಔಷಧ ತಂದೀಯಿಲ್ಲೋ?” ಎಂದು ಮಾತ್ರ ಕೇಳಿದನು.

ತಂದಿದ್ದೆನು, ಒಂದಲ್ಲ, ಎರಡು. ಈಗ ಹೊಳೆಯ ಕಡೆ ಹೊರಡುವ ಮುನ್ನ ದಂಡೆಯ ಊರಿಗೆ ಫೋನು ಮಾಡಿ ನೀರಿನ ಸುದ್ದಿ ಕೇಳುತ್ತೇನೆ. ಇಲ್ಲವೆಂದರೆ ವಾದಿಸದೆ ಬಸ್ಸು ಹಿಡಿಯುತ್ತೇನೆ. ದೊಡ್ಡವ್ವನ ತಲೆದಿಂಬಿನ ಕೆಳಗೆ ಒಂದು ಔಷಧಿ ಯಾವಾಗಲೂ ಹೆಚ್ಚಾಗಿಯೇ ಇರುತ್ತದೆ. ಮಳೆಗಾಲದಲ್ಲಿ ಹೊಳೆಯ ಅಪ್ಪಣೆ ಸಿಕ್ಕುವವರೆಗೆ ಆಕೆಯ ಉಸಿರು ಕಾಯಬೇಕಾದ್ದಿಲ್ಲ.