ಹೊಟ್ಟೆ ಸೀಳಿದ ‘ದ’

ಮೊದಲೇ ಹೇಳಿಬಿಡ್ತೀವಿ, ರಾಜ್ಯೋತ್ಸವದ ಬ್ಯಾನರ್ ಮಾಡಿದ್ದು ನಾವೇ. ಒಂದೇ ರೂಮಿನ ಮೂವರು. 10 ಅಡಿ ಫ್ಲೆಕ್ಸ್, ಹಳದಿ ಮೇಲೆ ಕೆಂಪು ಅಕ್ಷರ: ‘ಎಲ್ಲ ವಿಧ್ಯಾರ್ಥಿಗಳಿಗೂ ಸ್ವಾಗತ’. ಗೇಟಿಗೆ ಕಟ್ಟಿ ಏಣಿಯಿಂದ ಇಳಿಯುವಷ್ಟರಲ್ಲಿ ಮೆಸ್ಸಿನ ಅಣ್ಣ ಕೇಳಿದರು, “ಅಲ್ರಪ್ಪಾ, ವಿದ್ಯಾರ್ಥಿ ಹೊಟ್ಟೆ ಯಾಕ್ ಸೀಳಿದ್ರಿ?”

ಅರ್ಥ ಆಗೋಕೆ ಎರಡು ನಿಮಿಷ ಬೇಕಾಯ್ತು. ‘ದ್ಯಾ’ ಇರಬೇಕಾದ ಕಡೆ ‘ಧ್ಯಾ’ ಇತ್ತು.

ತಕ್ಷಣ ನಾವು ಬೈದಿದ್ದು ಟಿವಿಯನ್ನ. ಲ್ಯಾಪ್‌ಟಾಪ್ ಸ್ಕ್ರೀನ್ ಒಡೆದುಹೋಗಿ, ಸೀನಿಯರ್ ಒಬ್ಬರು ಬಿಟ್ಟುಹೋದ 32 ಇಂಚಿನ ಟಿವಿಯೇ ನಮ್ಮ ಮಾನಿಟರ್. ಸಿನಿಮಾಗೆ ಸೂಪರ್. ಅಕ್ಷರಕ್ಕೆ ಮಾತ್ರ ದೇವರೇ ಗತಿ.

ಬೈಯೋಕೆ ಕಾರಣವೂ ಇತ್ತು, ಲೆಕ್ಕ ಹಾಕಿ ನೋಡಿದೆವು. ಟಿವಿಯಲ್ಲಿ ಇರೋದು 1366×768 ಪಿಕ್ಸೆಲ್, ಅಂದರೆ ಇಂಚಿಗೆ ಸುಮಾರು 49. ಲ್ಯಾಬಿನ 24 ಇಂಚಿನ ಫುಲ್ ಎಚ್‌ಡಿ ಮಾನಿಟರಿನಲ್ಲಿ ಇಂಚಿಗೆ ಸುಮಾರು 92. ಮಂಚದ ಮೇಲಿಂದ, ಎರಡು ಮೀಟರ್ ದೂರದಿಂದ ನೋಡಿದರೆ ಕಣ್ಣಿಗೆ ಈ ವ್ಯತ್ಯಾಸ ಗೊತ್ತಾಗಲ್ಲ. ಟಿವಿ ಮಾಡಿರೋದೇ ಆ ದೂರಕ್ಕೆ. ನಾವೋ ಟೇಬಲ್ ಮೇಲಿಟ್ಟುಕೊಂಡು ಮೂಗು ತಾಗಿಸಿ ಕೂತಿದ್ದೆವು. ಸಾಲದ್ದಕ್ಕೆ ಲ್ಯಾಪ್‌ಟಾಪ್ ಕಳಿಸುತ್ತಿದ್ದದ್ದು 1920×1080. ಟಿವಿ ಅದನ್ನ ಹಿಂಡಿ ತನ್ನ 768 ಸಾಲಿಗೆ ತುರುಕುತ್ತಿತ್ತು. ಶಾರ್ಪ್‌ನೆಸ್ ಜಾಸ್ತಿ ಮಾಡಿದರೆ ಸರಿಹೋಗತ್ತೆ ಅಂದುಕೊಂಡೆವು. ಅದು ಹೊಸ ವಿವರ ಏನೂ ತರಲ್ಲ, ಅಕ್ಷರದ ಸುತ್ತ ಬಿಳಿ ಗೆರೆ ಎಳೆಯುತ್ತೆ ಅಷ್ಟೇ.

ಇನ್ನೊಂದು ಮಜಾ ಇದೆ. ವಿಡಿಯೋದಲ್ಲಿ ಪ್ರತಿ ಪಿಕ್ಸೆಲ್‌ಗೂ ಬೆಳಕಿನ ಲೆಕ್ಕ ಬೇರೆಬೇರೆ ಇದ್ದರೂ ಬಣ್ಣ ಮಾತ್ರ ಸಾಮಾನ್ಯವಾಗಿ ನಾಲ್ಕು ಪಿಕ್ಸೆಲ್‌ಗೆ ಒಂದೇ. ಮುಖ, ಆಕಾಶ, ಕ್ರಿಕೆಟ್ ಮೈದಾನಕ್ಕೆ ಅಷ್ಟು ಸಾಕು. ಎಷ್ಟೋ ಟಿವಿಗಳು ಕಂಪ್ಯೂಟರಿನಿಂದ ಬಂದ ಚಿತ್ರಕ್ಕೂ ಹೀಗೇ ಮಾಡ್ತವೆ. ಆಗ ಮೊದಲು ಕಲಸಿಹೋಗೋದು ಬಣ್ಣದ ಸಣ್ಣ ಅಕ್ಷರ, ಅದರಲ್ಲೂ ಕೆಂಪು. ನಮ್ಮ ಬಾವುಟದ ಬಣ್ಣಕ್ಕೇ ಈ ಗತಿ! ಮಹಾಪ್ರಾಣದ ಆ ಚಿಕ್ಕ ಗೀಟು ಉಳಿಯೋದಾದ್ರೂ ಹೇಗೆ?

ಹೀಗೆ ವಾದ ರೆಡಿ ಮಾಡಿಕೊಂಡು, ಸಾಕ್ಷಿಗೆ ಅಂತ ಫೈಲನ್ನ ಲ್ಯಾಬ್ ಮಾನಿಟರಿನಲ್ಲಿ ತೆರೆದೆವು. ಗೀಟು ಬ್ಲೇಡಿನ ಹಾಗೆ ಚೂಪಾಗಿ ಕಾಣಿಸಿತು. ಗೆದ್ದೆವು ಅನ್ನಿಸಿತು. ಆಮೇಲೆ ನಮ್ಮಲ್ಲೊಬ್ಬ ಸುಮ್ಮನಿರಲಾರದೆ ‘ವಿದ್ಯಾರ್ಥಿ’, ‘ವಿಧ್ಯಾರ್ಥಿ’ ಎರಡನ್ನೂ ಪಕ್ಕಪಕ್ಕ ಟೈಪ್ ಮಾಡಿ, “ಮೆಸ್ಸಣ್ಣ ಹೇಳಿದ್ದು ಮರೆತು ನೋಡಿ, ಬ್ಯಾನರ್ ಮಾಡೋ ದಿನ ಇದರಲ್ಲಿ ಯಾವುದನ್ನ ಆರಿಸ್ತಿದ್ರಿ?” ಅಂದ.

ಮೂವರಲ್ಲಿ ಇಬ್ಬರ ಬೆರಳು ಸೀಳಿದ್ದರ ಕಡೆ ಹೋಯ್ತು. ಅದೇ ‘ಜಾಸ್ತಿ ಕನ್ನಡ’ ಥರ ಕಾಣತ್ತಂತೆ. ಹತ್ತನೇ ಕ್ಲಾಸಿನವರೆಗೆ ಕನ್ನಡವನ್ನ ಎರಡನೇ ಭಾಷೆಯಾಗಿ ಓದಿ, ಒಳ್ಳೇ ಮಾರ್ಕ್ಸನ್ನೂ ತಗೊಂಡವರು ನಾವು. ನಾವು ಪದಗಳನ್ನ ಓದುತ್ತಲೇ ಇರಲಿಲ್ಲ, ಆಕಾರ ನೋಡಿ ಊಹಿಸುತ್ತಿದ್ದೆವು. ಅದಕ್ಕೆ ಇಂಚಿಗೆ ಎಷ್ಟು ಪಿಕ್ಸೆಲ್ ಕೊಟ್ಟರೂ ಅಷ್ಟೇ.

ಟಿವಿಯನ್ನ ಪಿಸಿ ಮೋಡಿಗೆ ಹಾಕಿ, ರೆಸಲ್ಯೂಷನ್ ಸರಿಮಾಡಿದೆವು. ಈಗ ಪರವಾಗಿಲ್ಲ. ಬ್ಯಾನರಿನ ಗೀಟಿಗೆ ಹಳದಿ ಟೇಪ್ ಅಂಟಿಸಿದೆವು. ಹಳದಿಗೆ ಹಳದಿ ಹೊಂದಲಿಲ್ಲ. ಗೇಟಿನ ಆಚೆಯಿಂದ ನೋಡಿದವರಿಗೆ ಏನೂ ಗೊತ್ತಾಗಲಿಲ್ಲ. ಕೆಳಗೆ ನಿಂತು ತಲೆಯೆತ್ತಿ ಓದಿದ ಮೆಸ್ಸಣ್ಣ ಮಾತ್ರ, “ಹೊಲಿಗೆ ಹಾಕಿದ್ರಾ?” ಅಂತ ಕೇಳಿ ಒಳಗೆ ಹೋದರು.