ತಾಯಿಮರ, ತಾಯಿಮೀನು

ಮೊನ್ನೆ ಅರಸೀಕೆರೆಯಲ್ಲಿ ಬೇಲೂರಿನ ಬಸ್ಸು ಹತ್ತಿದೆ. ಬೇಲೂರಿನ ಹತ್ತಿರ ಯಗಚಿ ದಂಡೆಯ ಹಳ್ಳಿ ಅಮ್ಮನ ತವರು. ಸೋದರಮಾವನಿಗೆ ಮಂಡಿನೋವು ಜಾಸ್ತಿಯಾಗಿದೆ, ನೋಡಿಕೊಂಡು ಬಾ ಅಂತ ಅಮ್ಮನ ಆಜ್ಞೆ. ಕೈಯಲ್ಲಿ ಒಂದು ಗೋಣಿಚೀಲ, ಅದರಲ್ಲಿ ಹನ್ನೆರಡು ತೆಂಗಿನಕಾಯಿ. ಸಿಪ್ಪೆ ಸುಲಿಯದ, ಬೀಜಕ್ಕೆ ಅಂತಲೇ ಇಳಿಸಿದ ಕಾಯಿ. ಕಂಡಕ್ಟರ್ ಚೀಲವನ್ನು ಎರಡು ಸಲ ಒದ್ದು ನೋಡಿ, "ಏನ್ ಸಾ, ಬೇಲೂರಲ್ಲಿ ತೆಂಗಿನಕಾಯಿ ಸಿಗಲ್ವಾ?" ಅಂದ. ನಕ್ಕು ಸುಮ್ಮನಾದೆ. ಆ ಪ್ರಶ್ನೆಗೆ ಸರಿಯಾದ ಉತ್ತರ ಹೇಳಬೇಕೆಂದರೆ ಮೀನಿನ ಕತೆ ಹೇಳಬೇಕಾಗುತ್ತದೆ. ಅಷ್ಟು ಹೊತ್ತು ಅವನಿಗೆಲ್ಲಿದೆ? ನಿಮಗಿದೆ ಅಂದುಕೊಂಡು ಇಲ್ಲಿ ಹೇಳುತ್ತಿದ್ದೇನೆ :)

ಮೊದಲು ಸ್ವಲ್ಪ ಭೂಗೋಳ. ನಮ್ಮ ತೋಟ ಇರುವುದು ಬಾಣಾವರದ ಕಡೆ. ಅಲ್ಲಿ ಬಿದ್ದ ಮಳೆ (ಬಿದ್ದರೆ!) ಹಳ್ಳ ಹಿಡಿದು ವೇದಾವತಿಗೆ ಹೋಗುತ್ತದೆ. ಅಲ್ಲಿಂದ ಮಾರಿಕಣಿವೆ, ಆಮೇಲೆ ತುಂಗಭದ್ರೆ, ಕೊನೆಗೆ ಕೃಷ್ಣೆ. ಅಮ್ಮನ ತವರಿನ ಯಗಚಿಯ ನೀರು ಹೇಮಾವತಿಗೆ, ಹೇಮಾವತಿ ಕಾವೇರಿಗೆ. ಅಂದರೆ ಜಾವಗಲ್, ಹಳೇಬೀಡು ಅಂತ ತೂಕಡಿಸುತ್ತಾ ಬೇಲೂರಿಗೆ ಬರುವಷ್ಟರಲ್ಲಿ ನಾನು ಕೃಷ್ಣೆಯ ಸೀಮೆ ಬಿಟ್ಟು ಕಾವೇರಿಯ ಸೀಮೆಗೆ ಬಂದಿರುತ್ತೇನೆ. ನಡುವೆ ಬೋರ್ಡಿಲ್ಲ, ಟೋಲ್ ಗೇಟಿಲ್ಲ. ಒಂದೇ ಟಿಕೆಟ್ಟು. ಆದರೆ ಮೀನಿಗೆ ಆ ಸಣ್ಣ ದಿಣ್ಣೆ ದಾಟಲಾಗದ ಗೋಡೆ. ಲಕ್ಷಾಂತರ ವರ್ಷಗಳಿಂದ ಈಚೆಯ ಮೀನು ಈಚೆ, ಆಚೆಯ ಮೀನು ಆಚೆ.

ನಮ್ಮ ಮನೆಯಲ್ಲಿ ಮೀನು ತಿನ್ನುವವರಿಲ್ಲ. ನನಗೆ ಮೀನು ಅಂದರೆ ರಾಮನಾಥಪುರ. ಚಿಕ್ಕವನಿದ್ದಾಗ ಅಪ್ಪ ಕರೆದುಕೊಂಡು ಹೋಗಿದ್ದರು. ಕಾವೇರಿಯ ವಹ್ನಿ ಪುಷ್ಕರಣಿಯ ಹತ್ತಿರ ಅಜ್ಜಿ ಸೆರಗಿನಿಂದ ಕಡ್ಲೆಪುರಿ ತೆಗೆದು ನೀರಿಗೆ ಎಸೆದಳು ನೋಡಿ, ಅಬ್ಬಾ! ನನ್ನ ತೊಡೆಗಿಂತ ದಪ್ಪ ಮೀನುಗಳು ಒಂದರ ಮೇಲೊಂದು ಬಿದ್ದು ಬಂದವು. ನಾನು ಹೆದರಿ ಅಪ್ಪನ ಪಂಚೆ ಹಿಡಿದುಕೊಂಡೆ. "ದೇವರ ಮೀನು ಕಣೋ, ಏನೂ ಮಾಡಲ್ಲ" ಅಂದರು ಅಪ್ಪ. ಅಲ್ಲಿ ಅವನ್ನು ಯಾರೂ ಹಿಡಿಯುವುದಿಲ್ಲ. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲೂ ಹೀಗೇ. ಅಲ್ಲೆಲ್ಲ ಸಿಗುವ ಈ ದೊಡ್ಡ ಮೀನುಗಳ ಕುಲಕ್ಕೆ ಇಂಗ್ಲಿಷಿನಲ್ಲಿ ಮಹಶೀರ್ ಅನ್ನುತ್ತಾರೆ. ನಮ್ಮ ಕಾವೇರಿ ಕಡೆ ಬಿಳಿಮೀನು.

ಮಹಶೀರ್ ಅಂದರೆ ಒಂದೇ ಮೀನು ಅಂತ ನಾನು ಬಹಳ ಕಾಲ ತಿಳಿದುಕೊಂಡಿದ್ದೆ. ಅಲ್ಲವಂತೆ. ಕಾವೇರಿ ಮತ್ತು ಅದರ ಉಪನದಿಗಳಲ್ಲಿ ಮಾತ್ರ ಇರುವ ಒಂದು ಜಾತಿ ಇದೆ. ಬೆನ್ನ ಮೇಲೆ ಗೂನು, ಕಿತ್ತಳೆ ಬಣ್ಣದ ರೆಕ್ಕೆ. ಮಹಶೀರುಗಳಲ್ಲೆಲ್ಲ ಅತಿ ದೊಡ್ಡದಾಗಿ ಬೆಳೆಯುವವುಗಳಲ್ಲಿ ಇದೂ ಒಂದು. ಮೈಸೂರಿನಲ್ಲಿ ಸತ್ತ ಹುಲಿ ಚಿರತೆಗಳನ್ನು ಜೀವ ಬಂದಂತೆ ನಿಲ್ಲಿಸುತ್ತಿದ್ದ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ ಗಾಳಕ್ಕೆ ಹಿಡಿದ ಇಂಥದೊಂದು ಮೀನು 120 ಪೌಂಡು ತೂಗಿತ್ತು. ಹೆಚ್ಚುಕಡಿಮೆ 54 ಕಿಲೋ! ನಮ್ಮ ಕೊಬ್ಬರಿ ಮೂಟೆಗಿಂತ ಭಾರ.

ಆಮೇಲೆ ಅಣೆಕಟ್ಟು ಬಂದವು, ಮರಳು ಹೋಯಿತು, ಮಡುವಿಗೆ ಸಿಡಿಮದ್ದು ಬಿತ್ತು. ಮೀನು ಕಡಿಮೆಯಾಯಿತು. ಕಡಿಮೆಯಾಯಿತಲ್ಲ ಅಂತ ಕಳಕಳಿ ಇದ್ದವರೇ ಒಂದು ಉಪಾಯ ಹುಡುಕಿದರು. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾದವರ ವಿದ್ಯುತ್ ಕಂಪನಿ ಕೆರೆಗಳ ಹತ್ತಿರ 1970ರ ದಶಕದಲ್ಲಿ ಮಹಶೀರ್ ಮರಿ ಮಾಡುವ ಕೇಂದ್ರ ನಡೆಸುತ್ತಿತ್ತು. ಬಲಿತ ಹೆಣ್ಣು ಮೀನಿನ ಹೊಟ್ಟೆ ಮೆಲ್ಲಗೆ ನೀವಿ ಮೊಟ್ಟೆ ಇಳಿಸಿ, ಗಂಡಿನ ವೀರ್ಯ ಬೆರೆಸಿ, ಹರಿಯುವ ನೀರಿನ ತಟ್ಟೆಗಳಲ್ಲಿ ಮರಿ ಮಾಡುವ ವಿದ್ಯೆ. ದೇಶದಲ್ಲಿ ಆಗ ಅದು ದೊಡ್ಡ ಸಾಧನೆಯೇ. ಅಲ್ಲಿಯ ಮರಿಗಳು ಎಷ್ಟೋ ರಾಜ್ಯಗಳಿಗೆ ಹೋದವು. 1970ರ ದಶಕದ ಕೊನೆಯಿಂದೀಚೆಗೆ ನಮ್ಮ ಕಾವೇರಿಗೂ ಬಂದವು.

ಲೋನಾವಳದ ನೀರು ಮೂಲತಃ ಎಲ್ಲಿಯದು ಹೇಳಿ? ಇಂದ್ರಾಯಣಿ, ಭೀಮಾ, ಅಂದರೆ ಕೃಷ್ಣೆ. ಆ ಮೀನಿನ ರೆಕ್ಕೆ ನೀಲಿ. ಅದೂ ಮಹಶೀರೇ, ಆದರೆ ಬೇರೆ ಜಾತಿ. ಆಗ ಯಾರಿಗೂ ಅದು ದೊಡ್ಡ ವಿಷಯ ಅನ್ನಿಸಿರಲಿಲ್ಲ. ಮೀನಿಗೆ ಮೀನು ಸರಿಹೋಯಿತಲ್ಲ!

ನೀಲಿ ರೆಕ್ಕೆಯವು ಕಾವೇರಿಯಲ್ಲಿ ಚೆನ್ನಾಗಿ ನೆಲೆಯೂರಿದವು. ಗಾಳಿಬೋರೆಯ ಶಿಬಿರದಲ್ಲಿ ಹಿಡಿದು ಮತ್ತೆ ನೀರಿಗೆ ಬಿಡುತ್ತಿದ್ದ ಹವ್ಯಾಸಿಗಳು 1998ರಿಂದ 2012ರವರೆಗೆ ಬರೆದಿಟ್ಟ ಲೆಕ್ಕವನ್ನು ವಿಜ್ಞಾನಿಗಳು ಕೂತು ನೋಡಿದಾಗ, ನೀಲಿಯವು ಏರುತ್ತಾ ಹೋಗಿದ್ದವು, ಗೂನುಬೆನ್ನಿನವು ಇಳಿಯುತ್ತಾ ಹೋಗಿದ್ದವು. 2015ರಲ್ಲಿ ಅದು ಪ್ರಕಟವಾದಾಗ ಕೇಳಿದವರಿಗೆ ಇನ್ನೊಂದು ಆಶ್ಚರ್ಯ. ಇಷ್ಟು ಹೆಸರುವಾಸಿ ಮೀನಿಗೆ ಅಲ್ಲಿಯವರೆಗೆ ಒಂದು ಖಚಿತವಾದ ವೈಜ್ಞಾನಿಕ ಹೆಸರೇ ಇರಲಿಲ್ಲ! ಗಡಿಯ ಮೋಯಾರ್ ಹೊಳೆಯಲ್ಲಿ ಉಳಿದಿದ್ದ ಮೀನುಗಳನ್ನು ನೋಡಿ 2018ರಲ್ಲಿ ತೀರ್ಮಾನಿಸಿದರು, ಕೇರಳದ ಪಾಂಬಾರಿನ ಮೀನಿಗೆ ಮೊದಲೇ ಇಟ್ಟಿದ್ದ ಟೋರ್ ರೆಮಾದೇವಿ ಅನ್ನುವ ಹೆಸರು ಇದರದೇ ಅಂತ. ಅದೇ ವರ್ಷ ಅಳಿವಿನ ಅಂಚಿನಲ್ಲಿರುವವುಗಳ ಕೆಂಪುಪಟ್ಟಿಯ ತೀರಾ ಅಪಾಯದ ಸಾಲಿಗೆ ಅದು ಸೇರಿತು. ಹೆಸರು ಸಿಕ್ಕಿದ್ದೂ ಆಗಲೇ, ತಿಥಿಗೆ ದಿನ ನೋಡುವ ಹಾಗಾಗಿದ್ದೂ ಆಗಲೇ. ಬೆನ್ನಿಗೆ ಬಂದ ನೀಲಿ ರೆಕ್ಕೆಯದು ಅದೇ ಹೊತ್ತಿಗೆ ಅಪಾಯದ ಪಟ್ಟಿಯಿಂದ ಕೆಳಗಿಳಿಯಿತು.

ಎಲ್ಲ ತಪ್ಪೂ ಹೊರಗಿನ ಮರಿಗಳದ್ದೇ ಅನ್ನಲಾಗುವುದಿಲ್ಲ. ನದಿಯನ್ನು ನಾವು ಬಿಟ್ಟಿರುವ ಸ್ಥಿತಿಯಲ್ಲಿ ಯಾವ ಮೀನಿಗೂ ಕಷ್ಟವೇ. ಆದರೆ ನದಿಗೆ ಮೀನು ವಾಪಸ್ ತರುವುದು ಅಂದರೆ ಯಾವುದಾದರೂ ಮೀನು ತುಂಬುವುದಲ್ಲ ಅನ್ನುವ ಪಾಠ ದುಬಾರಿಯಾಯಿತು.

ಇದೇ ಪಾಠ ಅಮೆರಿಕದ ಪಶ್ಚಿಮ ಕರಾವಳಿಯವರೂ ಕಲಿತಿದ್ದಾರೆ. ಅಲ್ಲಿ ಸ್ಟೀಲ್‌ಹೆಡ್ ಅಂತ ಒಂದು ಮೀನು. ಹೊಳೆಯಲ್ಲಿ ಹುಟ್ಟಿ, ಸಮುದ್ರಕ್ಕೆ ಹೋಗಿ ಬೆಳೆದು, ಮೊಟ್ಟೆಯಿಡಲು ತಾನು ಹುಟ್ಟಿದ ಹೊಳೆಗೇ ವಾಪಸ್ ಬರುತ್ತದೆ (ಬೆಂಗಳೂರಿಗೆ ಹೋದ ನಮ್ಮಂಥವರಿಗಿಂತ ಎಷ್ಟೋ ವಾಸಿ). ಆರೆಗನ್ ರಾಜ್ಯದ ಹುಡ್ ನದಿಗೆ ಮೊದಲು ಬೇರೆ ಕಡೆಯ ತಳಿಯ, ತಲೆಮಾರುಗಟ್ಟಲೆ ತೊಟ್ಟಿಯಲ್ಲೇ ಬೆಳೆದ ಮೀನಿನ ಮರಿ ಬಿಡುತ್ತಿದ್ದರು. 1990ರ ದಶಕದಲ್ಲಿ ಅದನ್ನು ಬಿಟ್ಟು, ಅದೇ ನದಿಗೆ ಹತ್ತಿಬಂದ ಕಾಡುಮೀನನ್ನೇ ತಾಯಿಮೀನಾಗಿ ಹಿಡಿದು ಮರಿ ಮಾಡಿದರು. ಅನುವಂಶೀಯ ಪರೀಕ್ಷೆಯಲ್ಲಿ ಊರಿನ ತಾಯಿಮೀನಿನ ಮಕ್ಕಳು ಹಳೆಯ ತಳಿಗಿಂತ ಎಷ್ಟೋ ಚೆನ್ನಾಗಿ ಸಂಸಾರ ಮಾಡಿದ್ದವು. ಆದರೆ ಅಲ್ಲೂ ಒಂದು ಆದರೆ ಇದೆ. 2007ರಲ್ಲಿ ಅದೇ ನದಿಯ ಅಧ್ಯಯನ ಹೇಳಿತು, ಊರಿನ ತಳಿಯೇ ಆದರೂ ತೊಟ್ಟಿಯಲ್ಲಿ ಸಾಕಿದ ಒಂದೊಂದು ತಲೆಮಾರಿಗೂ ಕಾಡಿನಲ್ಲಿ ಮರಿ ಮಾಡುವ ಶಕ್ತಿ ಸುಮಾರು ಶೇಕಡಾ 40ರಷ್ಟು ಕುಸಿಯುತ್ತದೆ ಅಂತ. ಹೊತ್ತುಹೊತ್ತಿಗೆ ಮೇವು, ಶತ್ರು ಇಲ್ಲ, ಪ್ರವಾಹ ಇಲ್ಲ. ತೊಟ್ಟಿಯಲ್ಲಿ ಗೆಲ್ಲುವ ಗುಣ ಬೇರೆ, ಹೊಳೆಯಲ್ಲಿ ಗೆಲ್ಲುವ ಗುಣ ಬೇರೆ.

ಇದನ್ನು ಓದಿದ ದಿನ ನನಗೆ ನೆನಪಾಗಿದ್ದು ಮೀನಲ್ಲ, ಅಪ್ಪ.

ಹದಿನೈದು ವರ್ಷದ ಹಿಂದೆ ನಾನು ಮೊದಲ ಸಲ ಬೋನಸ್ ದುಡ್ಡಿನಲ್ಲಿ ತೋಟಕ್ಕೆ ನಲವತ್ತು ತೆಂಗಿನ ಸಸಿ ತಂದೆ. ದೂರದ ಒಂದು ನರ್ಸರಿಯದು. ಬೇಗ ಫಲ, ಕುಳ್ಳ ಮರ, ಕಿತ್ತುಕೊಳ್ಳುವುದು ಸುಲಭ. ಅಪ್ಪ ಬೇಡ ಅನ್ನಲಿಲ್ಲ. ತಾವು ಮಾತ್ರ ಬೇಲಿ ಮೂಲೆಯ ಹಳೇ ಮರದ ಕಾಯಿಗಳನ್ನು, ಕೆಳಗೆ ಬೀಳಿಸದೆ ಹಗ್ಗ ಕಟ್ಟಿ ಇಳಿಸಿ, ಮಡಿಯಲ್ಲಿ ಸಾಲಾಗಿ ಹೂತರು. "ಅದ್ಯಾಕಪ್ಪ, ಇನ್ನೂ ಆ ಮರ?" ಅಂದೆ. "ಅದು ನಮ್ ನೆಲದ ಬರ ಕಂಡೈತೆ ಕಣೋ" ಅಂದರು. ನಾನು ನಕ್ಕೆ.

2016ರ ಬರಕ್ಕೆ ಕೊಳವೆಬಾವಿ ಕೈಕೊಟ್ಟಿತು. ನನ್ನ ನಲವತ್ತರಲ್ಲಿ ಉಳಿದವು ಒಂಬತ್ತು. ಅಪ್ಪನ ಹತ್ತರಲ್ಲಿ ಏಳು ನಿಂತಿದ್ದವು. ನನ್ನ ಸಸಿಗಳಲ್ಲಿ ದೋಷವಿರಲಿಲ್ಲ, ನೀರಿದ್ದಷ್ಟು ದಿನ ಚೆನ್ನಾಗೇ ಇದ್ದವು. ನೀರಿರುವ ಊರಿಗೆ ಅವು ಸರಿ. ಅಪ್ಪ ಆಗಲೂ "ನೋಡಿದ್ಯಾ" ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಅಪ್ಪ ಹೋಗಿ ಎರಡು ವರ್ಷ. ಬೇಲಿ ಮೂಲೆಯ ತಾಯಿಮರಕ್ಕೆ ಈ ಬೇಸಿಗೆಯಲ್ಲಿ ಕಾಂಡದಿಂದ ಕೆಂಪಗೆ ರಸ ಸೋರಲು ಶುರುವಾಗಿದೆ. ಔಷಧಿ ಮಾಡಿದ್ದೇವೆ. ಆದರೆ ಗೊನೆ ಸಣ್ಣದಾಗುತ್ತಿದೆ. ಈ ಸಲ ಬೀಜಕ್ಕೆ ಯೋಗ್ಯವಾಗಿ ಸಿಕ್ಕಿದ್ದು ಈ ಹನ್ನೆರಡೇ ಕಾಯಿ. ತೋಟದಲ್ಲಿ ಮಡಿ ಮಾಡಿ ನೀರುಣಿಸಲು ಅಲ್ಲಿ ಯಾರೂ ಇಲ್ಲ. ಅಮ್ಮ ಒಬ್ಬರೇ, ನಾನು ವಾರಕ್ಕೊಮ್ಮೆಯ ರೈತ. ಅದಕ್ಕೇ ಚೀಲ ಹೊತ್ತು ಬಸ್ಸು ಹತ್ತಿದ್ದು. ಮಾವನ ಹಿತ್ತಲಲ್ಲಿ ಬಾವಿ ಇದೆ.

ಹಳೇಬೀಡಿನಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಹೊಯ್ಸಳೇಶ್ವರನ ಗೋಡೆಯ ಮಕರಗಳು ನೆನಪಾದವು. ಆನೆಯ ಸೊಂಡಿಲು, ಹಂದಿಯ ಕಿವಿ, ಬಾಲದಲ್ಲಿ ನವಿಲು... ಯಾವ ಯಾವುದನ್ನೋ ಜೋಡಿಸಿದ ಪ್ರಾಣಿ. ಕಲ್ಲಿನಲ್ಲಿ ಅದು ಚೆಂದ. ಬೇಲೂರಿಗೆ ಬಂದರೆ ಕೇಶವ. ಅವನ ಮೊದಲ ಅವತಾರವೇ ಮತ್ಸ್ಯ. ಮನುವಿನ ಬೊಗಸೆಗೆ ಬಂದ ಮೀನುಮರಿ ಬಿಂದಿಗೆಯಲ್ಲಿ ಬೆಳೆದು, ಕೊಳಕ್ಕೆ, ನದಿಗೆ, ಕೊನೆಗೆ ಕಡಲಿಗೆ. ಜಗತ್ತಿನ ಮೊದಲ ಮೀನುಮರಿ ಕೇಂದ್ರ ಇದೇ ಇರಬೇಕು! ಅಲ್ಲಿ ಗಮನಿಸಬೇಕಾದ್ದು, ಮನು ಅದನ್ನು ಬಿಂದಿಗೆಯಲ್ಲೇ ಇಟ್ಟುಕೊಳ್ಳಲಿಲ್ಲ.

ಮಾವ ಜಗಲಿಯ ಮೇಲೆ ಕಾಲು ನೀಡಿ ಕೂತಿದ್ದರು. ಒಂದೊಂದೇ ಕಾಯಿ ಕಿವಿಯ ಹತ್ತಿರ ಅಲ್ಲಾಡಿಸಿ ನೀರಿನ ಸದ್ದು ಕೇಳಿದರು. ಒಂದನ್ನು ಬದಿಗಿಟ್ಟರು, "ಇದಾಗಲ್ಲ."

"ಇಲ್ಲೇ ತೋಟಕ್ಕೆ ಹಾಕ್ಕೊಳ್ಳಿ ಮಾವ, ನೀರೈತಲ್ಲ, ಬೇಗ ಬರ್ತವೆ" ಅಂದೆ.

"ಬ್ಯಾಡ" ಅಂದರು. "ಇಲ್ಲಿ ಹಾಕುದ್ರೆ ನಿಮ್ಮಪ್ಪನ ಮರ ಇಲ್ಲೀದಾಗೋಯ್ತದೆ. ಒಂದ್ ವರ್ಷ ನಾನ್ ಸಾಕ್ತೀನಿ. ಮುಂದಿನ ಮುಂಗಾರಿಗೆ ಬಂದು ವಾಪಸ್ ತಗಂಡೋಗು. ಎರಡ್ ಮಾತ್ರ ನಂಗಿರ್ಲಿ, ಅಲ್ಲೇನಾದ್ರೂ ಹೆಚ್ಚುಕಮ್ಮಿ ಆದ್ರೆ."

ನನಗೆ ಹುಡ್ ನದಿಯ ಶೇಕಡಾ 40 ನೆನಪಾಯಿತು. "ಹಿತ್ತಲಲ್ಲಿ ನೀರು ಕುಡಿದು ಕುಡಿದು ಸೋಮಾರಿಗಳಾದ್ರೆ?" ಅಂದೆ. ಮಾವ ಮಂಡಿ ಒತ್ತಿಕೊಳ್ಳುತ್ತಾ ನಕ್ಕರು. "ಅದಕ್ಕೇ ಒಂದೇ ವರ್ಷ ಅಂದಿದ್ದು. ನೀನು ಮೊದ್ಲು ಆ ಬದ ಕಟ್ಟು, ನೀರು ಇಂಗ್ಲಿ. ಸಸಿ ಬರೋ ಮುಂಚೆ ನೆಲ ಆಗ್ಬೇಕು."

ಮೀನಿನ ತಜ್ಞರೂ ಹೇಳುವುದು ಇಷ್ಟೇ. ತಾಯಿಮೀನು ಅದೇ ನದಿಯದಾಗಿರಲಿ, ಒಂದೆರಡೇ ಜೋಡಿಯಿಂದ ಊರೆಲ್ಲ ತುಂಬಬೇಡಿ, ತೊಟ್ಟಿಯಲ್ಲಿ ತಲೆಮಾರುಗಟ್ಟಲೆ ಇಟ್ಟುಕೊಳ್ಳಬೇಡಿ, ಮರಿ ಬಿಡುವ ಮುಂಚೆ ಹೊಳೆ ಸರಿಮಾಡಿ. ಕಾವೇರಿಯ ಗೂನುಬೆನ್ನಿನ ಮೀನಿಗೆ ಸಮಯ ಕಡಿಮೆ ಇದೆ. ಉಳಿದ ನಾಲ್ಕನ್ನು ಹಿಡಿದು ಮರಿ ಮಾಡಿಸುವುದಾ, ಹಿಡಿಯುವಾಗಲೇ ಅವೂ ಹೋದರೆ ಅಂತ ಬಿಟ್ಟುಬಿಡುವುದಾ? ಹನ್ನೆರಡು ಕಾಯಿ ಹಿಡಿದುಕೊಂಡು ಹೊರಟವನಿಗೇ ಅಷ್ಟು ಯೋಚನೆಯಾಗಿತ್ತು.

ಸಂಜೆ ವಾಪಸ್ ಬರುವಾಗ ಅದೇ ಕಂಡಕ್ಟರ್. ಖಾಲಿ ಚೀಲ ನೋಡಿ, "ಮಾರಿದ್ರಾ ಸಾ?" ಅಂದ.

"ಇಲ್ಲಪ್ಪಾ, ಓದಕ್ಕೆ ಬಿಟ್ ಬಂದೆ" ಅಂದೆ.

ಮುಂದಿನ ಮುಂಗಾರಿಗೆ ಇನ್ನೂ ಟೈಮಿದೆ. ಈ ಶನಿವಾರದಿಂದ ಬದ ಕಟ್ಟುವ ಕೆಲಸ ಶುರು. ಯಾರಾದರೂ ಬಾಣಾವರದ ಕಡೆ ಬಂದರೆ ಎಳನೀರು ಖಂಡಿತ. ತಾಯಿಮರದ್ದು ಮಾತ್ರ ಕೇಳಬೇಡಿ.